ಮೂರು ಗೆರೆಯ ಹೇಳಿಕೆ

ನಮ್ಮ ಊರಿನ ನ್ಯಾಯಾಲಯದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಬಾಯಿಯಾಗಿದ್ದೆ. ಹುದ್ದೆಯ ಹೆಸರೇ ಅದು, ಬಾಯಿ. ನನಗಿಂತ ಮೊದಲು ನಮ್ಮಪ್ಪ ಬಾಯಿ, ಅವರಿಗಿಂತ ಮೊದಲು ಅವರ ಸೋದರಮಾವ. ನನಗೆ ಸೂರಪ್ಪಯ್ಯ ಎಂಬ ಸ್ವಂತ ಹೆಸರೊಂದಿದೆ ಎನ್ನುವುದು ಊರಿನವರಿಗೆ ಇರಲಿ, ನನ್ನ ಹೆಂಡತಿ ಭಾಗಮ್ಮನಿಗೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಊರಿನ ನಡುವೆ ಹೊಳೆ ಹರಿಯುತ್ತದೆ. ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ಅವರು. ಅವರು ಕಪ್ಪು, ನಾವು ಬಿಳಿ ಎಂದು ನಮ್ಮವರ ನಂಬಿಕೆ. ನಿಜ ಹೇಳಬೇಕೆಂದರೆ ನಮ್ಮ ಬಿಳುಪು ಅಷ್ಟಕ್ಕಷ್ಟೆ. ಅದೇ ಕಾಫಿಗೆ ಎರಡು ಚಮಚ ಹಾಲು ಹೆಚ್ಚಿಗೆ ಬಿದ್ದಿದೆ, ಬೇರೇನಿಲ್ಲ. ಆ ಎರಡು ಚಮಚದ ಮೇಲೆ ನಮ್ಮ ಜಂಬವೆಲ್ಲ ನಿಂತಿತ್ತು. ಬಾವಿ ತೋಡುವುದು, ಕಲ್ಲು ಒಡೆಯುವುದು, ಮರಳು ಹೊರುವುದು ಅವರ ಪಾಲು. ಬಾವಿಯ ನೀರು, ಕಲ್ಲಿನ ಮನೆ, ಗಾರೆಯ ನೆಲ ನಮ್ಮ ಪಾಲು.

ಆಚೆ ದಡದವರ ಮಾತು ಸಂತೆಯಲ್ಲಿ ಕೇಳಿಸುತ್ತಿತ್ತು, ಬೀದಿಯಲ್ಲಿ ಕೇಳಿಸುತ್ತಿತ್ತು, ಹೊಳೆಯ ಆ ಬದಿಯಿಂದ ಅವರ ಹೆಂಗಸರು ಬಯ್ದರೆ ಈ ಬದಿಯ ನಮ್ಮ ಹಿತ್ತಲಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನ್ಯಾಯಾಲಯದ ಹೊಸಿಲು ದಾಟಿದರೆ ಮಾತ್ರ ಅವರ ದನಿ ಹೋಗುತ್ತಿತ್ತು. ತುಟಿ ಆಡುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಸದ್ದಿಲ್ಲ. ಕೆಮ್ಮಿದರೂ ಇಲ್ಲ, ಕಂಕುಳ ಕೂಸು ಚೀರಿದರೂ ಇಲ್ಲ. ಹೊಸಿಲಿನಿಂದಾಚೆ ಜಗಲಿಗೆ ಬಂದರೆ ಮತ್ತೆ ಎಂದಿನ ಹಾಗೆ ಮಾತು. ಯಾಕೆ ಎಂದು ಕೇಳಿದವರಿಗೆ ಹಿರಿಯರು, ಅದು ಹಾಗೇ, ಎಂದು ಹೇಳಿ ಎಲೆಯಡಿಕೆ ಮುಂದುವರಿಸುತ್ತಿದ್ದರು.

ಅದಕ್ಕೇ ಬಾಯಿಯ ಹುದ್ದೆ. ಆಚೆ ದಡದವರು ಜಗಲಿಯ ಮೇಲೆ ಕೂತು ತಮ್ಮ ಅಹವಾಲು ಹೇಳುವುದು, ನಾನು ಕೇಳಿಸಿಕೊಳ್ಳುವುದು, ಆಮೇಲೆ ಹದಿನಾಲ್ಕು ಹೆಜ್ಜೆ ನಡೆದು ಒಳಗೆ ಹೋಗಿ ನ್ಯಾಯಾಧೀಶರ ಮುಂದೆ ಅವರ ಪರವಾಗಿ ನುಡಿಯುವುದು. ದಫ್ತರಿನಲ್ಲಿ ನಮ್ಮ ದಡದವರ ಹೇಳಿಕೆಗೆ ಇಡೀ ಹಾಳೆ ಇತ್ತು. ಆಚೆ ದಡದವರಿಗೆ ಮೂರು ಗೆರೆ. ಹೀಗಾಗಿ ಒಂದು ಗಂಟೆಯ ಗೋಳನ್ನು ಮೂರು ವಾಕ್ಯಕ್ಕೆ ಇಳಿಸುವುದೇ ನಮ್ಮ ಮನೆತನದ ವಿದ್ಯೆ. ನಾನು ಅದರಲ್ಲಿ ನಮ್ಮಪ್ಪನನ್ನೂ ಮೀರಿಸಿದ್ದೆ. ಒಂದು ಸುಳ್ಳನ್ನೂ ಸೇರಿಸುತ್ತಿರಲಿಲ್ಲ, ಅದು ನನ್ನ ಹೆಮ್ಮೆ. ಆಚೆ ದಡದವರು ಒಂದು ಮೊಕದ್ದಮೆಯನ್ನಾದರೂ ಗೆದ್ದದ್ದು ನನಗೆ ನೆನಪಿಲ್ಲ. ಅದು ಅವರ ಹಣೆಬರಹ ಎಂದು ನಾನು ಹಾಯಾಗಿದ್ದೆ. ಈಗ ನೆನೆದರೆ ಆ ಹಾಯಿಗೇ ನಾಚಿಕೆಯಾಗುತ್ತದೆ.

ಆ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಸಾಹುಕಾರ ಪಂಪಣ್ಣನ ಹತ್ತಿ ಮಂಡಿಗೆ ಬೆಂಕಿ ಬಿತ್ತು. ಹತ್ತಿಯ ಬೆಂಕಿ ಎಂದರೆ ಕೇಳಬೇಕೆ, ಊರು ಉಂಡು ಕೈ ತೊಳೆಯುವಷ್ಟರಲ್ಲಿ ಮಂಡಿ ನೆಲಸಮ. ಪಕ್ಕದ ಕೊಟ್ಟಿಗೆಯೂ ಹೋಯಿತು. ಹಿಂದಿನ ಬಾವಿಯ ಹೂಳು ತೆಗೆಯಲು ಆಚೆ ದಡದ ಮಾಯಿಗ ಎಂಬವನು ಅಂದು ಬಂದಿದ್ದ. ಮೂವತ್ತರ ಆಸುಪಾಸಿನ ಆಳು, ಹೆಚ್ಚು ಮಾತಿಲ್ಲ, ಬಾವಿಗೆ ಇಳಿದರೆ ಕತ್ತಲೆಯಲ್ಲೂ ಕೈಯಲ್ಲೇ ಸೆಲೆ ಹುಡುಕುತ್ತಾನೆಂದು ಹೆಸರು. ಅವನು ಮಂಡಿಯ ಕಡೆಯಿಂದ ಓಡಿದ್ದನ್ನು ನಾಲ್ಕು ಜನ ಕಂಡಿದ್ದರು. ಅವನ ಎರಡೂ ಅಂಗೈ ಸುಟ್ಟಿದ್ದವು. ಹಿಂದಿನ ವಾರ ಪಂಪಣ್ಣ ಅವನನ್ನು ಬಾಯಿಗೆ ಬಂದಂತೆ ಬಯ್ದಿದ್ದೂ ಎಲ್ಲರಿಗೂ ಗೊತ್ತಿತ್ತು. ಇನ್ನೇನು ಬೇಕು? ಸೇಡಿಗೆ ಬೆಂಕಿ ಇಟ್ಟ ಎಂದು ಪಂಪಣ್ಣ ಫಿರ್ಯಾದು ಕೊಟ್ಟ. ಬೆಂಕಿ ಇಟ್ಟ ಆಚೆ ದಡದವನಿಗೆ ಶಿಕ್ಷೆ ಒಂದೇ, ಬೆಟ್ಟದ ಸುಣ್ಣದ ಗೂಡು. ಅಲ್ಲಿಗೆ ಹೋದವರು ಎರಡು ವರ್ಷ ಕೆಮ್ಮಿ ಸಾಯುತ್ತಿದ್ದರು. ಯಾರೂ ತಿರುಗಿ ಬಂದದ್ದಿಲ್ಲ.

ಮೊದಲ ವಿಚಾರಣೆಯ ದಿನ ಮಾಯಿಗ ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಸುಟ್ಟ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದು ಗಂಟೆ ಹೇಳಿದ. ಬಾವಿಯ ವಿಷಯ, ಹೊಗೆಯ ವಿಷಯ, ಎತ್ತುಗಳ ವಿಷಯ. ಎತ್ತುಗಳ ಬಣ್ಣ, ಕೊಂಬು, ಯಾವುದು ಎಲ್ಲಿ ಕಟ್ಟಿತ್ತು ಎಲ್ಲವನ್ನೂ ಹೇಳಿದ. ಅಂದು ನಮ್ಮ ಮನೆಯಲ್ಲಿ ಒಬ್ಬಟ್ಟು. ನನ್ನ ಒಂದು ಕಿವಿ ಮಾಯಿಗನ ಕಡೆಗಿತ್ತು, ಉಳಿದದ್ದೆಲ್ಲ ಒಬ್ಬಟ್ಟಿನ ಕಡೆಗೆ. ಒಳಗೆ ಹೋಗಿ ಅಭ್ಯಾಸಬಲದಿಂದ ಮೂರು ವಾಕ್ಯ ನುಡಿದೆ. ಬೆಂಕಿ ಬಿದ್ದಾಗ ತಾನು ಅಲ್ಲಿದ್ದೆ ಎನ್ನುತ್ತಾನೆ. ಕೈ ಸುಟ್ಟಿದ್ದು ಅಲ್ಲೇ ಎನ್ನುತ್ತಾನೆ. ಆಮೇಲೆ ಓಡಿದ್ದು ನಿಜ ಎನ್ನುತ್ತಾನೆ.

ಶಿರಸ್ತೇದಾರ ಗುಂಡಾಚಾರ್ಯರು ಮೂರು ಗೆರೆಯಲ್ಲಿ ಮೂರನ್ನೂ ಬರೆದು ಶಾಯಿ ಆರಲೆಂದು ಮರಳು ಉದುರಿಸಿದರು. ಕಟಕಟೆಯಲ್ಲಿ ಮಾಯಿಗನ ತುಟಿ ಆಡುತ್ತಿತ್ತು. ಹಿಂದೆ ಆಚೆ ದಡದವರು ನಿಲ್ಲುವ ಮೂಲೆಯಲ್ಲಿ ಅವನ ತಂಗಿ ದುಗ್ಗಮ್ಮ ಎರಡೂ ಕೈ ಎತ್ತಿ ಕೂಗಿದಳು. ಬಾಯಿ ಅಷ್ಟಗಲ ತೆರೆದದ್ದು ಕಂಡಿತು, ಬೇರೇನೂ ಇಲ್ಲ. ಪಂಪಣ್ಣನ ಕಡೆಯವರು ನಕ್ಕರು. ಎಂಟು ದಿನ ಬಿಟ್ಟು ಕಡೇ ಹೇಳಿಕೆ, ಅಂದೇ ತೀರ್ಪು ಎಂದು ನ್ಯಾಯಾಧೀಶ ದೇವರಸರು ಎದ್ದರು.

ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ದುಗ್ಗಮ್ಮ ಮೆಟ್ಟಿಲ ಬಳಿ ಅಡ್ಡ ನಿಂತಳು. ಕೂಗಾಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಅವಳು ಮೆಲ್ಲಗೆ ಕೇಳಿದಳು.

"ಅಯ್ನೋರೆ, ನಮ್ಮಣ್ಣ ಎತ್ತಿನ್ ಮಾತು ಯೋಳಿದ್ನಲ್ಲ. ಅದೆಲ್ಲೋಯ್ತು?"

ದಫ್ತರಿನಲ್ಲಿ ಮೂರೇ ಗೆರೆ ಇರುವುದೆಂದು ನಾನು ವಿವರಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಒಂದೆತ್ತೂ ಇಡೀಲಿಲ್ವಾ ಆ ಮೂರು ಗೆರೇಲಿ?"

ಮನೆಗೆ ಬಂದೆ. ತುಪ್ಪ ಹಾಕಿದ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟೆ. ಭಾಗಮ್ಮ ಬಿಡುವವಳಲ್ಲ, ಕೆದಕಿ ಕೆದಕಿ ವಿಷಯವನ್ನೆಲ್ಲ ಹೊರಗೆ ತೆಗೆದಳು. ನಾನೇನು ಸುಳ್ಳು ಹೇಳಿದೆನೇ, ಮೂರೂ ಅವನು ಹೇಳಿದ್ದೇ, ಎಂದು ವಾದಿಸಿದೆ. ಅವಳು ಎಲೆ ಎತ್ತುತ್ತ, "ಸುಳ್ಳು ಹೇಳ್ಲಿಲ್ಲ ಅಂತ ಎದೆ ತಟ್ಕೋಬೇಡಿ. ನಾಳೆ ನಾನು ಬೇಳೆ ತೆಗೆದಿಟ್ಟು ಬರೀ ಕಟ್ಟು ಬಡಿಸ್ತೀನಿ, ಅದೂ ಸುಳ್ಳಲ್ಲ" ಎಂದು ಒಳಗೆ ಹೋದಳು. ಹೇಳಿದಂತೆ ಮರುದಿನ ಹಾಗೇ ಬಡಿಸಿದಳು. ಹಟದ ಹೆಂಗಸು.

ಎರಡು ದಿನ ಮಾಯಿಗನ ಒಂದು ಗಂಟೆಯ ಮಾತು ನನ್ನ ತಲೆಯಲ್ಲಿ ತಿರುಗಿತು. ಅದರಲ್ಲಿ ನಾನು ಬಿಟ್ಟದ್ದೆಲ್ಲ ಅವನನ್ನು ಉಳಿಸುವ ಮಾತು, ಇಟ್ಟದ್ದೆಲ್ಲ ಅವನನ್ನು ಗೂಡಿಗೆ ತಳ್ಳುವ ಮಾತು. ಬೇಕೆಂದು ಮಾಡಿದ್ದಲ್ಲ. ಮೂರು ಗೆರೆಯಲ್ಲಿ ಹಿಡಿಯುವುದು ಯಾವಾಗಲೂ ಹಾಗೆಯೇ ಇರುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಇನ್ನೆಷ್ಟು ಜನರಿಗೆ ಹೀಗೆ ಮಾಡಿದ್ದೇನೋ ಎಂಬ ಯೋಚನೆ ಬಂದಾಗ ಎದ್ದು ಹಿತ್ತಲಲ್ಲಿ ಸುಮ್ಮನೆ ನಿಂತೆ.

ಮೂರನೆಯ ದಿನ ಗುಂಡಾಚಾರ್ಯರ ಮನೆಗೆ ಹೋಗಿ, ಹೇಳಿಕೆಯನ್ನು ಸ್ವಲ್ಪ ತಿದ್ದಬಹುದೇ ಎಂದು ವಿಚಾರಿಸಿದೆ. ಅವರು ನಿಬಂಧನೆಯ ಪುಸ್ತಕವನ್ನೇ ತೆಗೆದು ಓದಿದರು. ಬಾಯಿ ಎರಡು ಬಗೆಯಾಗಿ ನುಡಿದರೆ ಮೊದಲು ನುಡಿದದ್ದೇ ಊರ್ಜಿತ, ಬಾಯಿ ವಜಾ. ಅಂದರೆ ನಾನು ಕೆಲಸ ಕಳೆದುಕೊಂಡರೂ ಮಾಯಿಗನಿಗೆ ಮೂರು ಕಾಸಿನ ಉಪಯೋಗವಿಲ್ಲ. ಪುಸ್ತಕ ಮುಚ್ಚುವ ಮೊದಲು ನನ್ನ ಕಣ್ಣಿಗೆ ಕೆಳಗಿನ ಸಾಲು ಬಿತ್ತು. ಕಾಯಿಲೆಯಿಂದ ಬಾಯಿಗೆ ನುಡಿಯಲಾಗದಿದ್ದರೆ ಪಕ್ಕದ ತಾಲ್ಲೂಕಿನಿಂದ ಬೇರೆ ಬಾಯಿ ಕರೆಸತಕ್ಕದ್ದು, ಅವನು ಮೊದಲಿನಿಂದ ಕೇಳಿ ಹೊಸದಾಗಿ ನುಡಿಯತಕ್ಕದ್ದು.

ಪಕ್ಕದ ತಾಲ್ಲೂಕಿನ ಬಾಯಿ ನನಗೆ ಪರಿಚಯದವನೇ. ಅವನ ಕಿವಿಯಲ್ಲಿ ಎತ್ತಿನ ವಿಷಯ ಹಾಕಿದರೆ ಮೂರರಲ್ಲಿ ಒಂದು ಗೆರೆಯಾದರೂ ಎತ್ತಿಗೆ ಕೊಡುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಹಾಗಾದರೆ ನನಗೆ ಕಾಯಿಲೆ ಬರಬೇಕು. ನಟಿಸುವಂತಿಲ್ಲ, ನ್ಯಾಯಾಲಯದ ವೈದ್ಯ ಪಂಡಿತರು ನಾಲಿಗೆ ಎಳೆದು ನೋಡುತ್ತಾರೆ. ಹಳಸಿದ ಮಜ್ಜಿಗೆ ಕುಡಿದೆ, ಒದ್ದೆ ಪಂಚೆ ಉಟ್ಟು ಗಾಳಿಯಲ್ಲಿ ಕೂತೆ, ಮೂಗಿಗೆ ಮೆಣಸಿನ ಹೊಗೆ ತೆಗೆದುಕೊಂಡೆ. ನನ್ನ ಆರೋಗ್ಯಕ್ಕೆ ಬೆಂಕಿ ಬೀಳಲಿ, ಒಂದು ಸೀನೂ ಬರಲಿಲ್ಲ. ವಿಚಾರಣೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಎಂದಿಗಿಂತ ಕಳೆಕಳೆಯಾಗಿತ್ತು.

ಹಲ್ಲುಜ್ಜಲು ಹಿತ್ತಲಿಗೆ ಹೋದವನಿಗೆ ಬಚ್ಚಲ ನೀರು ಹರಿಯುವ ಕಡೆ ಕೆಸು ಕಾಣಿಸಿತು. ಕೆಸುವಿನ ಪಲ್ಯಕ್ಕೆ ಹುಣಿಸೆಹಣ್ಣು ಕಡಿಮೆ ಹಾಕಿದರೆ ಗಂಟಲು ತುರಿಸುತ್ತದೆ ಎಂದು ಭಾಗಮ್ಮ ಸೊಸೆಯಂದಿರಿಗೆ ಹೇಳಿಕೊಡುತ್ತಿದ್ದುದು ನೆನಪಾಯಿತು. ಕಡಿಮೆ ಹಾಕಿದರೇ ಹಾಗಾದರೆ, ಹಾಕದೆಯೇ, ಬೇಯಿಸದೆಯೇ ತಿಂದರೆ? ಎರಡು ದಂಟು ಮುರಿದು ಕಚಕಚ ಅಗಿದು ನುಂಗಿದೆ. ಅಯ್ಯೋ ನನ್ನಪ್ಪ. ಗಂಟಲಿಗೆ ನೂರು ಸೂಜಿ ಒಟ್ಟಿಗೆ ಚುಚ್ಚಿದಂತಾಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ನಾಲಿಗೆ ದಪ್ಪಗಾಗಿ ಹಲ್ಲಿಗೆ ಸಿಕ್ಕತೊಡಗಿತು. ಭಾಗಮ್ಮ ಓಡಿ ಬಂದಳು. ಮುರಿದ ದಂಟನ್ನೂ ನನ್ನನ್ನೂ ನೋಡಿದಳು. ಹುಣಿಸೆಹಣ್ಣು ತರಲೇ ಎಂದಳು. ಬೇಡವೆಂದು ತಲೆಯಾಡಿಸಿದೆ. ಅವಳಿಗೆ ಅರ್ಥವಾಯಿತು. ಒಳಗಿನಿಂದ ಉಣ್ಣೆಯ ಮಫ್ಲರ್ ತಂದು ನನ್ನ ಕತ್ತಿಗೆ ಸುತ್ತಿ, ಹೋಗಿ ಬನ್ನಿ ಎಂದಳು. ಮದುವೆಯಾದ ಹೊಸತರಲ್ಲೂ ಅವಳು ನನ್ನನ್ನು ಹಾಗೆ ಬೀಳ್ಕೊಟ್ಟಿರಲಿಲ್ಲ.

ಪಂಡಿತರು ನನ್ನ ಬಾಯಿ ತೆರೆಸಿ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಮೂರು ದಿನ ಇವನಿಂದ ಒಂದಕ್ಷರ ಹೊರಡದು ಎಂದರು. ಗುಂಡಾಚಾರ್ಯರು ಪುಸ್ತಕ ತೆಗೆದು, ಹದಿನೈದು ದಿನ ಮುಂದೂಡಿ ಪಕ್ಕದ ತಾಲ್ಲೂಕಿಗೆ ಬರೆಯೋಣ ಎಂದರು. ನಾನು ಒಳಗೊಳಗೇ ಕೈಮುಗಿದೆ. ಅಷ್ಟರಲ್ಲಿ ಪಂಪಣ್ಣ ಎದ್ದು, ಇದ್ದ ಹೇಳಿಕೆ ಸಾಕು, ತೀರ್ಪು ಇವತ್ತೇ ಆಗಲಿ ಎಂದು ಹಟ ಹಿಡಿದ. ಕಡೇ ಹೇಳಿಕೆ ಇಲ್ಲದೆ ತೀರ್ಪಿಲ್ಲ ಎಂದು ದೇವರಸರು ಗದರಿದರು.

ದೇವರಸರು ಮಹಾನುಭಾವರೇನಲ್ಲ. ನಶ್ಯ ಏರಿಸುತ್ತ, ಊಟದ ಹೊತ್ತಿಗೆ ಮುಗಿದರೆ ಸಾಕು ಎನ್ನುವ ಸ್ವಭಾವ. ಮರುದಿನವೇ ಅವರು ಮಗಳ ಬಾಣಂತನಕ್ಕೆ ದೂರದೂರಿಗೆ ಹೊರಡಬೇಕಿತ್ತು. ಮೊಕದ್ದಮೆ ಮುಂದಕ್ಕೆ ಹೋಗುವುದು ಅವರಿಗೆ ಬೇಕಿರಲಿಲ್ಲ. ಮಫ್ಲರ್ ಸುತ್ತಿಕೊಂಡ ನನ್ನನ್ನು ಕಿರಿಕಿರಿಯಿಂದ ನೋಡುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು.

"ಅಲ್ಲಯ್ಯ ಬಾಯಿ, ಇವನು ಆ ಜಗಲಿ ಮೇಲೆ ಮಾತಾಡಿದ್ರೆ ನಿನಗೆ ಕೇಳಿಸುತ್ತೆ ತಾನೇ?"

ಹೌದೆಂದು ತಲೆಯಾಡಿಸಿದೆ.

"ನೀನೂ ಈಚೆ ದಡದವನು, ನಾನೂ ಈಚೆ ದಡದವನು. ಹಾಗಾದ್ರೆ ಅಲ್ಲಿಗೆ ಹೋದ್ರೆ ನನಗೂ ಕೇಳಿಸ್ಬೇಕಲ್ಲ?"

ಎಷ್ಟು ತಲೆಮಾರಿನ ನ್ಯಾಯಾಧೀಶರು, ಎಷ್ಟು ವಕೀಲರು, ಎಷ್ಟು ಶಿರಸ್ತೇದಾರರು, ಬಾಯಿಯ ಮನೆತನದ ನಾವು ಇಷ್ಟು ಜನ. ಹದಿನಾಲ್ಕು ಹೆಜ್ಜೆ ಹೊರಗೆ ನಡೆದು ಹೋಗಿ ಕೇಳಬಹುದೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆದರೂ ಬೇಡವಾಗಿತ್ತೋ, ಆ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಗುಂಡಾಚಾರ್ಯರು ಮೊದಲು ಚೇತರಿಸಿಕೊಂಡು, ವಿಚಾರಣೆ ನ್ಯಾಯಾಲಯದ ಹೆಂಚಿನ ಕೆಳಗೇ ನಡೆಯತಕ್ಕದ್ದೆಂದು ನಿಬಂಧನೆ ಇದೆ ಎಂದರು. ದೇವರಸರು ಪಂಚೆ ಎತ್ತಿ ಕಟ್ಟಿ, ಪೀಠದ ಮೆಟ್ಟಿಲಿಳಿದು, ಹೊಸಿಲು ದಾಟಿದರು. ಜಗಲಿಯ ಕಟ್ಟೆಯ ಮೇಲೆ ಕೂತು ಕತ್ತೆತ್ತಿ ನೋಡಿದರು.

"ಇಲ್ಲೂ ಹೆಂಚೇ ಇದೆ ಆಚಾರ್ಯರೆ. ದಫ್ತರು ತನ್ನಿ."

ಮಾಯಿಗನನ್ನು ಹೊರಗೆ ಕರೆತಂದರು. ಜನ ಬಾಗಿಲಲ್ಲಿ, ಕಿಟಕಿಯಲ್ಲಿ, ಅಂಗಳದಲ್ಲಿ ಮುತ್ತಿಕೊಂಡರು. ಮಾಯಿಗ ಮೊದಲ ಸಲದಂತೆ ನನ್ನ ಕಡೆ ತಿರುಗಿ ಕೂತ. ನಾನು ಕೈಯಿಂದ ದೇವರಸರನ್ನು ತೋರಿಸಿದೆ. ಅವನಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗಂಟಲು ಸರಿಮಾಡಿಕೊಂಡ. ಆ ಸಣ್ಣ ಕೆಮ್ಮು ಕೇಳಿಸಿದ್ದಕ್ಕೇ ದೇವರಸರು ಬೆಚ್ಚಿ ನಶ್ಯದ ಡಬ್ಬಿ ಕೆಳಗಿಟ್ಟರು.

"ಬಾವಿ ಒಳ್ಗಿದ್ದೆ ಬುದ್ಧಿ. ಎತ್ತು ಕೂಗಿದ್ದು ಕೇಳ್ತು. ಮೇಲ್ ಬಂದ್ರೆ ಹೊಗೆ. ಕೊಟ್ಗೆ ಚಿಲ್ಕ ಕಾದೋಗಿತ್ತು, ಕೈಯಲ್ಲೇ ತೆಗ್ದೆ. ಎಂಟಿದ್ವು ಬುದ್ಧಿ. ಏಳರ ಹಗ್ಗ ಬಿಚ್ದೆ. ಎಂಟನೇದಕ್ಕೆ ಬೆರಳು ಬಗ್ಲಿಲ್ಲ. ಕಪಿಲೆ ಬಣ್ಣದ್ದು ಅದು. ನನ್ನೇ ನೋಡ್ತಿತ್ತು. ಸೂರು ಬಿತ್ತು, ಆಗ ಓಡ್ದೆ."

ಅಷ್ಟು ಹೇಳಿ ಸುಟ್ಟ ಬೆರಳುಗಳನ್ನು ನೋಡಿಕೊಂಡ. ಇದೇ ಮಾತನ್ನು ನಾನು ಎಂಟು ದಿನದ ಹಿಂದೆ ಇದೇ ಜಾಗದಲ್ಲಿ ಕೇಳಿದ್ದೆ.

ದೇವರಸರಿಗೆ ಊಟ ಮರೆತುಹೋಯಿತು. ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಹೊಗೆ ಮೊದಲು ಎಲ್ಲಿಂದ ಬಂತು ಎಂದು ಕೇಳಿದಾಗ, ಅಕಾಲ ಮಳೆಗೆ ನೆನೆದ ಹತ್ತಿ ಬೇಗ ಒಣಗಲೆಂದು ಸಾಹುಕಾರರ ಆಳುಗಳು ಮಂಡಿಯ ಒಳಗೇ ಕೆಂಡದ ಬಾಣಲೆ ಇಟ್ಟಿದ್ದರು, ಬಾವಿಗೆ ಇಳಿಯುವ ಮೊದಲು ತಾನೇ ಕಂಡಿದ್ದೆ ಎಂದ. ಹತ್ತಿ ಇರುವಲ್ಲಿ ಕೆಂಡ ಇಡಬಾರದೆಂಬುದು ಊರಿಗೆ ಊರೇ ಬಲ್ಲ ಕಟ್ಟಳೆ. ಪಂಪಣ್ಣ ಸುಳ್ಳು ಸುಳ್ಳು ಎಂದು ಎದ್ದ. ಎತ್ತುಗಳು ಗಾಬರಿಯಿಂದ ತಾವೇ ಹಗ್ಗ ಕಿತ್ತುಕೊಂಡು ಓಡಿದವು, ಇವನೇನು ಬಿಚ್ಚಿದ್ದು ಎಂದ.

ಎತ್ತುಗಳನ್ನು ನೋಡಿಕೊಳ್ಳುವ ಬಸಲಿಂಗ ಅಂಗಳದಲ್ಲೇ ನಿಂತಿದ್ದ. ನಮ್ಮ ದಡದ ಮುದುಕ, ಪಂಪಣ್ಣನ ಅನ್ನ ತಿಂದವನು. ಹೊಳೆಯ ಮರಳಿನಲ್ಲಿ ಎತ್ತುಗಳನ್ನು ಹಿಡಿದು ತಂದವನು ಅವನೇ. ದೇವರಸರು ಅವನನ್ನು ಮುಂದೆ ಕರೆದು, ಹಗ್ಗ ಹರಿದಿದ್ದವೋ ಬಿಚ್ಚಿದ್ದವೋ ಎಂದು ಕೇಳಿದರು. ಬಸಲಿಂಗ ಪಂಪಣ್ಣನನ್ನು ನೋಡಿದ, ನೆಲ ನೋಡಿದ, ಕೊನೆಗೆ ಮಾಯಿಗನ ಕೈ ನೋಡಿದ. ತಿರುಗಿ ಹೊರಟೇಹೋದ. ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಹೆಗಲ ಮೇಲೆ ಏಳು ಕೊರಳಹಗ್ಗ ಹಾಕಿಕೊಂಡು ಬಂದು ದೇವರಸರ ಪಾದದ ಬಳಿ ಸುರಿದ. ಒಂದರಲ್ಲೂ ಎಳೆ ಹರಿದಿರಲಿಲ್ಲ. ಗಂಟು ಬಿಚ್ಚಿದ್ದವು. ಮೂರು ಹಗ್ಗದ ತುದಿಯಲ್ಲಿ ಸುಟ್ಟ ಚರ್ಮ ಅಂಟಿ ಒಣಗಿತ್ತು. ಕೆಂಡದ ಬಾಣಲೆ ಇಟ್ಟದ್ದೂ ನಿಜ, ಬಾಯಿ ಬಿಟ್ಟರೆ ಜೋಕೆ ಅಂದಿದ್ರು ಬುದ್ಧಿ, ಎಂದು ಬಸಲಿಂಗ ಅಳತೊಡಗಿದ.

ಗುಂಡಾಚಾರ್ಯರ ಪಾಡು ನೋಡಬೇಕಿತ್ತು. ಮೂರು ಗೆರೆ ಎಂದೋ ತುಂಬಿಹೋಗಿ, ಮುಂದೇನು ಮಾಡಲಿ ಎಂದು ಲೇಖನಿ ಎತ್ತಿ ಹಿಡಿದುಕೊಂಡು ಕೂತಿದ್ದರು. ಹಾಳೆ ತಿರುವಿ ಬರೀರಿ ಎಂದರು ದೇವರಸರು. ಏಳು ಹಾಳೆಯಾಯಿತು.

ತೀರ್ಪು ಎರಡೇ ಮಾತು. ಮಾಯಿಗ ಬಿಡುಗಡೆ. ಕೆಂಡದ ವಿಷಯಕ್ಕೆ ಪಂಪಣ್ಣ ವಿಚಾರಣೆಗೆ ಹಾಜರಾಗತಕ್ಕದ್ದು. ಕಾವಲಿನವನು ಮಾಯಿಗನ ಕಾಲಿನ ಸರಪಳಿ ತೆಗೆದ. ದುಗ್ಗಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಅಂಗಳದಲ್ಲಿದ್ದ ನಮಗೆಲ್ಲ ಆ ಅಳು ಕೇಳಿಸಿತು. ನನ್ನ ಮೈಯಿಂದ ಒಂದು ಮೂಟೆ ಇಳಿಸಿದಷ್ಟು ಹಗುರವಾಯಿತು. ಮಫ್ಲರ್‌ನಲ್ಲಿ ಮುಖ ಒರೆಸಿಕೊಂಡೆ. ಪಂಡಿತರು ಪಾಪ, ಗಂಟಲು ನೋವು ಜಾಸ್ತಿಯಾಯಿತೇ ಎಂದು ವಿಚಾರಿಸಿದರು.

ಅಂದಿನಿಂದ ವಿಚಾರಣೆಗಳೆಲ್ಲ ಜಗಲಿಯ ಮೇಲೆಯೇ. ದೇವರಸರಿಗೆ ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಒಳಗಿನ ಕೋಣೆಯಲ್ಲಿ ಈಗ ಹಳೆಯ ದಫ್ತರು, ಮುರಿದ ಬೆಂಚು ಇಟ್ಟಿದ್ದಾರೆ. ಬಾಯಿಯ ಹುದ್ದೆಯನ್ನು ತೆಗೆದುಹಾಕಿದರು. ನನ್ನನ್ನು ಜಗಲಿಯ ಕುಡಿಯುವ ನೀರಿಗೆ ನೇಮಿಸಿದರು. ನಮ್ಮಪ್ಪ ಬದುಕಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು. ನಾನು ಮಾತ್ರ ಇಷ್ಟು ವರ್ಷದಲ್ಲಿ ಇಷ್ಟು ಸುಖವಾಗಿ ನಿದ್ದೆ ಮಾಡಿದ್ದಿಲ್ಲ.

ಆದರೆ ಒಂದು ಬಾಕಿ ಇತ್ತು. ದನಿ ಮರಳಿದ ನಾಲ್ಕನೆಯ ದಿನ ಪಂಚೆ ಮೊಣಕಾಲಿಗೆ ಎತ್ತಿಕೊಂಡು ಹೊಳೆ ದಾಟಿದೆ. ಐವತ್ತೇಳು ವರ್ಷದಲ್ಲಿ ನಾನು ಆಚೆ ದಡಕ್ಕೆ ಕಾಲಿಟ್ಟದ್ದು ಅದೇ ಮೊದಲು. ಮಾಯಿಗ ಮನೆಯ ಮುಂದಿನ ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ. ಕೈಗೆ ಬಟ್ಟೆ ಸುತ್ತಿತ್ತು. ನಾನು ನಿಂತೇ ಹೇಳಿದೆ. ನೀನು ಎತ್ತಿನ ವಿಷಯ ಮೊದಲೇ ಹೇಳಿದ್ದೆ, ನಾನು ಬಿಟ್ಟುಬಿಟ್ಟೆ, ಅಂದು ನನ್ನ ಗಮನ ಊಟದ ಮೇಲಿತ್ತು, ತಪ್ಪು ನನ್ನದು. ಬೇರೆಯವರ ಮಾತನ್ನು ಅಷ್ಟು ವರ್ಷ ಸಲೀಸಾಗಿ ಆಡಿದ ನಾಲಿಗೆ ನನ್ನದೇ ಮಾತಿಗೆ ನಾಲ್ಕು ಸಲ ತೊದಲಿತು. ಅವನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ.

"ಗೊತ್ತಿತ್ತು ಅಯ್ನೋರೆ" ಎಂದ. "ನೀವು ಒಳಗೆ ಯೋಳುವಾಗ ನಾನೂ ಅಲ್ಲೇ ನಿಂತಿದ್ನಲ್ಲ."

ಅವನು ಕಲ್ಲಿನ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು, ಬಟ್ಟೆ ಸುತ್ತಿದ ಕೈಯಿಂದ ಜಾಗ ತೋರಿಸಿ, ಕೂತ್ಕಳಿ, ಕಾಲು ನೆಂದೈತೆ, ಬಿಸಿಲಿಗೆ ಒಣಗ್ಲಿ ಎಂದ.